ಸಂಕಲ್ಪದಿಂದ ಸಿದ್ಧಿಯವರೆಗೆ

ದೇವರ ನಡೆಯಲ್ಲಿ ಸೇವೆಯೊಂದನ್ನು ಮಾಡಿಸುವಾಗ ಅರ್ಚಕರು ಮೊದಲು ನಮ್ಮ ಕೈಯಲ್ಲಿ ಹೂವು ಅಕ್ಷತೆಗಳನ್ನಿತ್ತು, ನೀರೆರೆದು, ಸಂಕಲ್ಪ ಮಾಡಿಸುತ್ತಾರೆ. ಇದು ನಾವೆಲ್ಲರೂ ಬಾಲ್ಯದಿಂದ ಕಂಡ ವಿಷಯ. ಆದರೆ ಆ ಹೊತ್ತಿನಲ್ಲಿ ನಮ್ಮ ಮನಸ್ಸು ಎಲ್ಲಿರುತ್ತದೆ? ನಮ್ಮ ಹೆಸರು, ನಕ್ಷತ್ರ, ಗೋತ್ರಗಳು ಸರಿಯಾಗಿ ಬಂದುವೋ ಇಲ್ಲವೋ ಎಂಬಷ್ಟನ್ನು ಮಾತ್ರ ಕಿವಿಗೊಟ್ಟು ಕೇಳುತ್ತೇವೆ. ಉಳಿದ ಮಾತುಗಳು ಅರ್ಚಕರಿಗೂ ದೇವರಿಗೂ ಸಂಬಂಧಪಟ್ಟವು ಎಂದು ಸುಮ್ಮನಿರುತ್ತೇವೆ. ಈ ಲೇಖಕನೂ ಅರುವತ್ತು ವರ್ಷಗಳ ಕಾಲ ಹಾಗೆಯೇ ಸುಮ್ಮನಿದ್ದವನು.

ಜೀರ್ಣೋದ್ಧಾರದ ಈ ಶುಭಸಂದರ್ಭದಲ್ಲಿ ಊರಿನ ಪ್ರತಿಯೊಬ್ಬರೂ ಏನಾದರೊಂದನ್ನು ಮನಸ್ಸಿನಲ್ಲಿ ನಿಶ್ಚಯಿಸಿಕೊಂಡಿದ್ದಾರೆ. ಒಬ್ಬರಿಗೆ ಸಾಲ ತೀರಿಸಬೇಕಾಗಿದೆ, ಇನ್ನೊಬ್ಬರಿಗೆ ಮಗಳ ವಿದ್ಯಾಭ್ಯಾಸ ಮುಗಿಸಬೇಕಾಗಿದೆ, ಮತ್ತೊಬ್ಬರಿಗೆ ಕುಡಿತದ ಚಟ ಬಿಡಬೇಕಾಗಿದೆ. ನಿಶ್ಚಯಗಳಿಗೆ ಕೊರತೆಯಿಲ್ಲ, ಕೊರತೆ ಇರುವುದು ಅವು ನೆರವೇರುವುದರಲ್ಲಿ. ಹೀಗೇಕೆ ಆಗುತ್ತದೆ? ಇದಕ್ಕೆ ಉತ್ತರವನ್ನು ಎಲ್ಲಿಯೋ ಹುಡುಕಬೇಕಾಗಿಲ್ಲ. ನಾವು ದಿನವೂ ಕೇಳಿಯೂ ಕೇಳದಂತಿರುವ ಆ ಸಂಕಲ್ಪವಾಕ್ಯದ ಕ್ರಮದಲ್ಲಿಯೇ ಅದು ಅಡಗಿದೆ. ಅದನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಇಚ್ಛೆ, ಹರಕೆ, ಸಂಕಲ್ಪ

ಈ ಮೂರೂ ಒಂದೇ ಎಂಬ ಭ್ರಾಂತಿ ಸಾಮಾನ್ಯವಾಗಿದೆ. ಮೊದಲು ಇವುಗಳ ಭೇದವನ್ನು ತಿಳಿಯಬೇಕು.

ಇಚ್ಛೆಯೆಂದರೆ ಒಂದು ವಸ್ತು ಇದ್ದರೆ ಚೆನ್ನಾಗಿತ್ತು ಎಂಬ ಭಾವನೆ. ಅದಕ್ಕೆ ಕೈಕಾಲುಗಳಿಲ್ಲ. ತೋಟ ಹಸುರಾಗಿರಬೇಕು ಎಂದು ಬಯಸಿದಾತನ ತೋಟ ಹಸುರಾಗುವುದಿಲ್ಲ. ಹರಕೆಯು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ಅದರಲ್ಲಿ ಶ್ರದ್ಧೆಯಿದೆ, ಕೃತಜ್ಞತೆಯಿದೆ. ಆದರೆ ಅದರ ಸ್ವರೂಪ ಏನೆಂದರೆ, ಮೊದಲು ದೇವರು ನಡೆಸಿಕೊಡಬೇಕು, ಆಮೇಲೆ ನಾವು ಸಲ್ಲಿಸಬೇಕು. ಕಷ್ಟಕಾಲದಲ್ಲಿ ಹರಕೆ ಹೊರುವುದು ತಪ್ಪಲ್ಲ. ನಮ್ಮ ಹಿರಿಯರೆಲ್ಲರೂ ಹೊತ್ತವರೇ. ಸಂಕಲ್ಪವು ಇವೆರಡಕ್ಕಿಂತಲೂ ಬೇರೆ. ಅದರಲ್ಲಿ ಮೊದಲ ಹೆಜ್ಜೆ ನಮ್ಮದು.

ಸಂಕಲ್ಪವಾಕ್ಯದ ಕೊನೆಯಲ್ಲಿ ಬರುವ ಕ್ರಿಯಾಪದವನ್ನು ಗಮನಿಸಿರಿ. ಅದು 'ಕರಿಷ್ಯೇ' ಎಂದಿದೆ, ಮಾಡುವೆನು ಎಂದರ್ಥ. ಸಂಸ್ಕೃತದಲ್ಲಿ 'ಕೃ' ಧಾತುವಿಗೆ ಪರಸ್ಮೈಪದ, ಆತ್ಮನೇಪದ ಎಂಬ ಎರಡು ರೂಪಗಳೂ ಉಂಟು. ಕ್ರಿಯೆಯ ಫಲವು ಮಾಡುವವನಿಗೇ ಸೇರುವಾಗ ಆತ್ಮನೇಪದವನ್ನು ಬಳಸಬೇಕೆಂದು ಪಾಣಿನಿಯ ಸೂತ್ರವಿದೆ. ಆದ್ದರಿಂದ ಯಜಮಾನನು ತನ್ನ ಸಲುವಾಗಿ ಸಂಕಲ್ಪಿಸುವಾಗ 'ಕರಿಷ್ಯೇ' ಎನ್ನುತ್ತಾನೆ. ಪುರೋಹಿತನು ಬೇರೆಯವರ ಸಲುವಾಗಿ ಮಾಡುವಾಗ 'ಕರಿಷ್ಯಾಮಿ' ಎನ್ನುವ ರೂಢಿಯಿದೆ. ಒಂದು ಅಕ್ಷರದ ಈ ವ್ಯತ್ಯಾಸದಲ್ಲಿ ದೊಡ್ಡ ತತ್ತ್ವವಿದೆ. ನನ್ನ ಗುರಿಯನ್ನು ನಾನೇ ಸಾಧಿಸಬೇಕು. ಮಗನು ಓದಬೇಕೆಂದು ತಂದೆಯು ಸಂಕಲ್ಪಿಸಲಾಗದು. ಮಗನಿಗೆ ಓದುವ ಅನುಕೂಲವನ್ನು ಮಾಡಿಕೊಡುವೆನೆಂದು ಮಾತ್ರ ಸಂಕಲ್ಪಿಸಬಹುದು.

ಸಂಕಲ್ಪದ ಆರು ಅಂಗಗಳು

ಇನ್ನು ಆ ವಾಕ್ಯದ ಕ್ರಮವನ್ನು ನೋಡೋಣ. ಸಂಪ್ರದಾಯಭೇದದಿಂದ ಪದಗಳು ಹೆಚ್ಚುಕಡಮೆಯಾದರೂ ಅಂಗಗಳು ಎಲ್ಲೆಡೆಯೂ ಹೆಚ್ಚು ಕಡಮೆ ಇವೇ.

ಮೊದಲನೆಯದು ಕಾಲ. ಬ್ರಹ್ಮನ ಆಯುಸ್ಸಿನಿಂದ ಆರಂಭಿಸಿ, ಶ್ವೇತವರಾಹಕಲ್ಪ, ವೈವಸ್ವತ ಮನ್ವಂತರ, ಕಲಿಯುಗ ಎಂದು ಇಳಿಯುತ್ತ, ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳವರೆಗೆ ಬಂದು ಈ ದಿನದಲ್ಲಿ ನಿಲ್ಲುತ್ತೇವೆ. ಅಷ್ಟು ವಿಶಾಲವಾದ ಕಾಲದಲ್ಲಿ ನಮ್ಮ ಕೈಗೆ ಸಿಕ್ಕಿರುವುದು ಇಂದಿನ ದಿನವೊಂದೇ ಎಂಬ ಅರಿವು ಇದರಿಂದ ಉಂಟಾಗುತ್ತದೆ. 'ಮುಂದೆ ಎಂದಾದರೂ' ಎಂಬ ತಿಥಿಯು ಯಾವ ಪಂಚಾಂಗದಲ್ಲಿಯೂ ಇಲ್ಲ.

ಎರಡನೆಯದು ದೇಶ. ಜಂಬೂದ್ವೀಪದಿಂದ ಭರತಖಂಡಕ್ಕೆ, ಅಲ್ಲಿಂದ ಪರಶುರಾಮಕ್ಷೇತ್ರಕ್ಕೆ, ಕೊನೆಗೆ ಈ ಊರಿಗೆ, ಈ ದೇವರ ಸನ್ನಿಧಿಗೆ ಬರುತ್ತೇವೆ. ಬೇರೆ ಊರಿನಲ್ಲಿದ್ದರೆ ನಾನೂ ಸಾಧಿಸುತ್ತಿದ್ದೆ ಎಂಬ ಮಾತಿಗೆ ಇಲ್ಲಿ ಎಡೆಯಿಲ್ಲ. ಎಲ್ಲಿ ನಿಂತಿದ್ದೇವೆಯೋ ಅಲ್ಲಿಂದಲೇ ಹೊರಡಬೇಕು.

ಮೂರನೆಯದು ಕರ್ತೃ. ಗೋತ್ರ, ನಕ್ಷತ್ರ, ನಾಮಧೇಯಗಳನ್ನು ಹೇಳುವುದರಿಂದ ಮಾಡತಕ್ಕವನು ಯಾರೆಂಬುದು ನಿಶ್ಚಯವಾಗುತ್ತದೆ. ಹತ್ತು ಜನ ಸೇರಿ ಮಾಡೋಣ ಎಂದ ಕೆಲಸದಲ್ಲಿ ಪ್ರತಿಯೊಬ್ಬನೂ ಉಳಿದ ಒಂಬತ್ತು ಮಂದಿಯ ಮುಖ ನೋಡುತ್ತಾನೆ. ಹೆಸರು ಹೇಳಿದ ಮೇಲೆ ಆ ನೋಟಕ್ಕೆ ಅವಕಾಶವಿಲ್ಲ.

ನಾಲ್ಕನೆಯದು ಫಲ. ಯಾವುದರ ಸಿದ್ಧಿಗಾಗಿ ಈ ಕರ್ಮ ಎಂಬುದನ್ನು ಬಾಯಿಬಿಟ್ಟು ಹೇಳಬೇಕು. ನಮ್ಮಲ್ಲಿ ಅನೇಕರು ಏತಕ್ಕಾಗಿ ದುಡಿಯುತ್ತಿದ್ದೇವೆಂಬುದನ್ನು ತಾವೇ ತಮಗೆ ಒಮ್ಮೆಯೂ ಹೇಳಿಕೊಂಡವರಲ್ಲ.

ಐದನೆಯದು ಕರ್ಮ. ಫಲವನ್ನು ಹೇಳಿದ ಮಾತ್ರಕ್ಕೆ ಸಂಕಲ್ಪವು ಮುಗಿಯುವುದಿಲ್ಲ. ಆ ಫಲಕ್ಕಾಗಿ ಮಾಡುವ ಕೆಲಸ ಯಾವುದು, ಅಭಿಷೇಕವೋ ಅರ್ಚನೆಯೋ ಹೋಮವೋ ಎಂಬುದನ್ನು ಹೆಸರಿಸಲೇಬೇಕು. ಹೆಚ್ಚಿನ ನಿಶ್ಚಯಗಳು ಮುರಿಯುವುದು ಇಲ್ಲಿಯೇ. ಸಾಲ ತೀರಬೇಕು ಎಂಬುದು ಫಲ. ಪ್ರತಿ ಶನಿವಾರ ಸಂಬಳ ಕೈಗೆ ಬಂದೊಡನೆ, ಅಂಗಡಿಯ ಕಡೆಗೆ ತಿರುಗುವ ಮೊದಲು, ಇಷ್ಟು ಹಣವನ್ನು ಸಹಕಾರಿ ಬ್ಯಾಂಕಿಗೆ ಕಟ್ಟುವೆನು ಎಂಬುದು ಕರ್ಮ. ಫಲವನ್ನು ಮಾತ್ರ ಹೇಳಿ ಕರ್ಮವನ್ನು ಬಿಟ್ಟ ನಿಶ್ಚಯವು ಬಾವಿ ತೋರಿಸಿ ಹಗ್ಗ ಕೊಡದಂತೆ.

ಆರನೆಯದು ದ್ರವ್ಯ. ಇಲ್ಲಿ ಬರುವ 'ಯಥಾಶಕ್ತಿ' ಎಂಬ ಪದ ಎಷ್ಟು ಕರುಣೆಯಿಂದ ಕೂಡಿದೆ! ಇದ್ದ ಶಕ್ತಿಗೆ ತಕ್ಕಂತೆ, ದೊರೆತ ವಸ್ತುಗಳಿಂದ ಎಂದು ಹೇಳುತ್ತೇವೆಯೇ ಹೊರತು ಬಂಗಾರದ ಹೂವಿಲ್ಲದೆ ಪೂಜೆಯಿಲ್ಲ ಎಂದು ಯಾರೂ ಹೇಳಿಲ್ಲ. ಆದರೆ ಎಚ್ಚರಿಕೆ ಬೇಕು. ಯಥಾಶಕ್ತಿ ಎಂದರೆ ಶಕ್ತಿ ಇದ್ದಷ್ಟೂ ಎಂದರ್ಥ, ಮನಸ್ಸು ಬಂದಷ್ಟು ಎಂದಲ್ಲ.

ಹೀಗೆ ಯಾವಾಗ, ಎಲ್ಲಿ, ಯಾರು, ಏತಕ್ಕಾಗಿ, ಏನನ್ನು, ಯಾವುದರಿಂದ ಎಂಬ ಆರು ಪ್ರಶ್ನೆಗಳಿಗೆ ಉತ್ತರ ದೊರೆತಾಗ ಮಾತ್ರ ನಿಶ್ಚಯಕ್ಕೆ ಸಂಕಲ್ಪವೆಂಬ ಹೆಸರು ಸಲ್ಲುತ್ತದೆ.

ಮನೆಯೊಳಗಿನ ಒಂದು ದೃಷ್ಟಾಂತ

ಉಪದೇಶ ಮಾಡುವವನು ತನ್ನ ಮನೆಯ ಮಾತನ್ನೂ ಹೇಳಬೇಕು. ಆದ್ದರಿಂದ ಸಂಕೋಚದಿಂದಲೇ ಇದನ್ನು ಬರೆಯುತ್ತೇನೆ.

ನಮ್ಮ ಕಾಸರಗೋಡು ಸೀಮೆಯು 1956ನೆಯ ಇಸವಿಯ ನವೆಂಬರ್ 1ರಂದು ಕೇರಳ ರಾಜ್ಯಕ್ಕೆ ಸೇರಿತು. ಅಂದಿನಿಂದ ನಮ್ಮ ಮಕ್ಕಳು ಎರಡು ಭಾಷೆಗಳ ನಡುವೆ ಬೆಳೆದಿದ್ದಾರೆ. ಅದು ಒಂದು ಭಾಗ್ಯವೇ. ಎರಡು ಕಿಟಕಿಗಳಿರುವ ಮನೆಯಲ್ಲಿ ಬೆಳಕು ಹೆಚ್ಚು. ನನ್ನ ಮೊಮ್ಮಗಳು ಮಲೆಯಾಳ ಮಾಧ್ಯಮದ ಶಾಲೆಗೆ ಹೋಗುತ್ತಾಳೆ. ಮಲೆಯಾಳವನ್ನು ಅಚ್ಚುಕಟ್ಟಾಗಿ ಓದಿ ಬರೆಯುತ್ತಾಳೆ. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಆದರೆ ಕನ್ನಡದ ಅಕ್ಷರ ಬಾರದು.

ಒಂದು ದಿನ ಇದೇ ದೇವಾಲಯದ ಸುತ್ತುಪೌಳಿಯಲ್ಲಿ ಪ್ರದಕ್ಷಿಣೆ ಬರುತ್ತಿರುವಾಗ, ಹಿಂದಿನ ಜೀರ್ಣೋದ್ಧಾರಕ್ಕೆ ಧನಸಹಾಯ ಮಾಡಿದವರ ಹೆಸರುಗಳಿರುವ ಫಲಕದ ಮುಂದೆ ಅವಳು ನಿಂತಳು. "ಅಜ್ಜಾ, ಇದರಲ್ಲಿ ಏನು ಬರೆದಿದ್ದಾರೆ?" ಎಂದು ಕೇಳಿದಳು. ಅದರ ಮೂರನೆಯ ಸಾಲಿನಲ್ಲಿ ನನ್ನ ತಂದೆಯವರ ಹೆಸರಿತ್ತು. ಮುಪ್ಪಿನ ಮುತ್ತಜ್ಜನ ಹೆಸರಿನ ಮುಂದೆ ನಿಂತು, ಅದು ಯಾರ ಹೆಸರೆಂದು ಆ ಮಗು ಪರರನ್ನು ಕೇಳಬೇಕಾಯಿತು. ನಲ್ವತ್ತು ವರ್ಷ ಊರಿನ ಮಕ್ಕಳಿಗೆ ಕನ್ನಡ ಕಲಿಸಿದ ನನಗೆ ಅಂದು ತಲೆಯೆತ್ತಲಾಗಲಿಲ್ಲ.

ಇವಳಿಗೆ ಕನ್ನಡ ಕಲಿಸಬೇಕು ಎಂದು ಆ ದಿನವೇ ನಿಶ್ಚಯಿಸಿದೆನು. ಎರಡು ವರ್ಷ ಕಳೆಯಿತು. ಕಲಿಸಲಿಲ್ಲ. ನಿಶ್ಚಯದಲ್ಲಿ ಪ್ರಾಮಾಣಿಕತೆಗೆ ಕೊರತೆಯಿರಲಿಲ್ಲ. ಆದರೆ ಅದರಲ್ಲಿ ಕಾಲವಿರಲಿಲ್ಲ, ದೇಶವಿರಲಿಲ್ಲ, ಕರ್ಮವಿರಲಿಲ್ಲ. ಇದ್ದದ್ದು ಫಲವೊಂದೇ.

ಮೂರನೆಯ ವರ್ಷದ ವಿಜಯದಶಮಿಯಂದು ಪೂಜೆಗೆ ಕುಳಿತಾಗ ಅರ್ಚಕರು ಹೇಳಿಸಿದ ಸಂಕಲ್ಪವು ಮೊದಲ ಬಾರಿಗೆ ನನ್ನ ಕಿವಿಗೆ ಬಿದ್ದಿತು. ಮನೆಗೆ ಬಂದು ಕಾಗದದ ಮೇಲೆ ಬರೆದೆನು: ಇಂದಿನಿಂದ ಬರುವ ವಿಷುವಿನವರೆಗೆ, ನಮ್ಮ ಮನೆಯ ಜಗಲಿಯಲ್ಲಿ, ಸಂಜೆಯ ದೀಪ ಹಚ್ಚಿದ ಮೇಲೆ ಅರ್ಧ ಗಂಟೆ, ಕಲಿಸುವವನು ನಾನೇ, ಇರುವ ಸಾಧನ ಒಂದು ಸ್ಲೇಟು, ಒಂದನೆಯ ತರಗತಿಯ ಹಳೆಯ ಪಾಠಪುಸ್ತಕ. ಕನ್ನಡದ ವರ್ಣಮಾಲೆಯಲ್ಲಿ 49 ಅಕ್ಷರಗಳಿವೆ. ದಿನಕ್ಕೆ ಎರಡರಂತೆ ಇಪ್ಪತ್ತೈದು ದಿನ. ಆಮೇಲೆ ವ್ಯಂಜನಕ್ಕೊಂದು ದಿನದಂತೆ 34 ದಿನ ಕಾಗುಣಿತ. ಅನಂತರ ಒತ್ತಕ್ಷರ, ಆಮೇಲೆ ಓದು. ಹೀಗೆ ಬಿಡಿಸಿ ಬರೆದಾಗ, ಎರಡು ವರ್ಷ ನನ್ನನ್ನು ಹೆದರಿಸಿದ್ದ ಕೆಲಸವು ಎಷ್ಟು ಚಿಕ್ಕದೆಂದು ತಿಳಿಯಿತು.

ಎಲ್ಲವೂ ನೆಟ್ಟಗೆ ನಡೆಯಿತೆಂದು ಹೇಳುವಂತಿಲ್ಲ. ಅವಳಿಗೆ ಜ್ವರ ಬಂದಿತು. ನನ್ನ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ಶಾಲೆಯ ಪರೀಕ್ಷೆಗಳು ಬಂದುವು. ಒಮ್ಮೆ ಹದಿನೆಂಟು ದಿನ ಸ್ಲೇಟನ್ನು ಮುಟ್ಟಲಿಲ್ಲ. ಹತ್ತೊಂಬತ್ತನೆಯ ದಿನ, ಇನ್ನು ಮುಂದಿನ ವರ್ಷ ನೋಡೋಣ ಎಂದು ಮನಸ್ಸು ಹೇಳಿತು. ಆಗ ಮೊಮ್ಮಗಳೇ ಸ್ಲೇಟು ತಂದು, "ನಿನ್ನೆ 'ಟ' ಆಗಿತ್ತಲ್ಲಾ ಅಜ್ಜಾ" ಎಂದಳು. ಹದಿನೆಂಟು ದಿನಗಳ ಹಿಂದಿನದು ಅವಳಿಗೆ ನಿನ್ನೆಯಾಗಿತ್ತು. ವ್ರತಭಂಗವಾದ ಮೇಲೆ ನಾವು ಹಿಡಿಯತಕ್ಕ ದಾರಿ ಇದುವೇ ಎಂದು ನನಗೆ ತೋರಿತು. ತಪ್ಪಿದ ದಿನಗಳನ್ನು ಎಣಿಸುತ್ತ ಕೂಡಬಾರದು. ಬಿಟ್ಟಲ್ಲಿಂದ ಹಿಡಿಯಬೇಕು.

ವಿಷುವಿನ ಬೆಳಿಗ್ಗೆ ಕಣಿ ಕಂಡು ದೇವಾಲಯಕ್ಕೆ ಬಂದೆವು. ಫಲಕದ ಮೂರನೆಯ ಸಾಲನ್ನು ಅವಳು ಬೆರಳಿಟ್ಟು, ತಡೆದು ತಡೆದು, ಒಂದು ಒತ್ತಕ್ಷರವನ್ನು ನುಂಗಿ, ಕೊನೆಯವರೆಗೆ ಓದಿದಳು. ಓದಿ, "ಮುತ್ತಜ್ಜ ಹತ್ತೇ ರೂಪಾಯಿ ಕೊಟ್ಟದ್ದಾ?" ಎಂದು ಕೇಳಿದಳು. ಆ ಹತ್ತು ರೂಪಾಯಿಯನ್ನು ಅವರು ಹೇಗೆ ಕೂಡಿಸಿದರೆಂಬುದೇ ನಮ್ಮ ಮುಂದಿನ ಪಾಠವಾಯಿತು.

ಬೆಟ್ಟದೊಳಗಿನ ನೀರು

ಚಿಕ್ಕ ಗುರಿಯ ಮಾತಾಯಿತು. ಫಲವು ಕಣ್ಣಿಗೆ ಕಾಣದ, ದೊರೆಯುವ ಭರವಸೆಯೂ ಇಲ್ಲದ ದೊಡ್ಡ ಗುರಿಯ ವಿಷಯದಲ್ಲಿ ಹೇಗೆ? ಇದಕ್ಕೆ ನಮ್ಮ ನೆರೆಯಲ್ಲಿಯೇ ಒಬ್ಬ ಮಹನೀಯರ ಉದಾಹರಣೆ ಇದೆ.

ನಮ್ಮ ಸೀಮೆಯ ಗುಡ್ಡಗಳಲ್ಲಿ ಅಡ್ಡಲಾಗಿ ಕೊರೆದ ಸುರಂಗಗಳು ನಮಗೆಲ್ಲ ಪರಿಚಿತ. ಮಲೆಯಾಳದಲ್ಲಿ ಇವನ್ನೇ ತುರಂಗ ಎನ್ನುತ್ತಾರೆ. ಒಬ್ಬನು ನಡೆದು ಹೋಗುವಷ್ಟು ಅಗಲಕ್ಕೆ ಮುರಕಲ್ಲಿನ ಗುಡ್ಡದೊಳಕ್ಕೆ ಕೊರೆಯುತ್ತ ಹೋಗಬೇಕು. ನೆಲವು ಹೊರಮುಖಕ್ಕೆ ತುಸು ಇಳಿಜಾರಾಗಿರಬೇಕು. ಒಳಗಿನ ಒರತೆ ದೊರೆತರೆ ನೀರು ಯಾವ ಯಂತ್ರದ ಸಹಾಯವೂ ಇಲ್ಲದೆ ತಾನಾಗಿಯೇ ಹರಿದು ಹೊರಗಿನ ಕೆರೆಗೆ ಬಂದು ಸೇರುತ್ತದೆ. ಒಳಗೆ ಕತ್ತಲೆ. ಹಚ್ಚಿಟ್ಟ ದೀಪವು ಮಂಕಾದರೆ ಉಸಿರಾಡುವ ಗಾಳಿ ಕಡಮೆಯಾಯಿತೆಂದು ತಿಳಿದು ಹೊರಬರಬೇಕು. ಎಷ್ಟು ದೂರ ಕೊರೆದರೆ ನೀರು ಎಂಬುದನ್ನು ಯಾರೂ ಮೊದಲೇ ಹೇಳಲಾರರು.

ಗಡಿಗೆ ಸಮೀಪದಲ್ಲಿಯೇ ಇರುವ, ದಕ್ಷಿಣಕನ್ನಡ ಜಿಲ್ಲೆಯ ಅಡ್ಯನಡ್ಕದ ಬಳಿಯ ಅಮೈ ಎಂಬಲ್ಲಿ ಮಹಾಲಿಂಗ ನಾಯ್ಕರೆಂಬ ಕೃಷಿಕರು ಇದ್ದಾರೆ. ಅಡಕೆ ತೆಂಗುಗಳ ಮರವೇರುವ ಕೂಲಿಯ ಕೆಲಸದಿಂದ ಜೀವನ ಸಾಗಿಸುತ್ತಿದ್ದವರು. 1970ರ ದಶಕದ ಕೊನೆಯಲ್ಲಿ ಅವರಿಗೆ ಸುಮಾರು ಎರಡು ಎಕ್ರೆಯ ಬರಡು ಗುಡ್ಡದ ಜಾಗ ದೊರೆಯಿತು. ಅಲ್ಲಿ ಹನಿ ನೀರಿರಲಿಲ್ಲ. ಹಗಲಿನ ಕೂಲಿ ಮುಗಿದ ಮೇಲಿನ ಹೊತ್ತಿನಲ್ಲಿ ಅವರೊಬ್ಬರೇ ಗುಡ್ಡವನ್ನು ಕೊರೆಯತೊಡಗಿದರು. ಮೊದಲನೆಯ ಸುರಂಗದಲ್ಲಿ ನೀರು ಬರಲಿಲ್ಲ. ಎರಡನೆಯದರಲ್ಲಿಯೂ ಬರಲಿಲ್ಲ. ಹೀಗೆ ಐದು ಸುರಂಗಗಳು ವಿಫಲವಾದುವು. ವರ್ಷಗಳ ಶ್ರಮವು ಒಣಮಣ್ಣಿನ ರಾಶಿಯಾಗಿ ಎದುರಿಗೆ ಬಿದ್ದಿತ್ತು. ಅವರು ಆರನೆಯದನ್ನು ಆರಂಭಿಸಿದರು. ಅದರಲ್ಲಿ ನೀರು ಬಂದಿತು. ಬೋಳುಗುಡ್ಡದಲ್ಲಿ ಅಡಕೆ, ತೆಂಗು, ಬಾಳೆ, ಕರಿಮೆಣಸುಗಳ ತೋಟ ಎದ್ದಿತು. 2022ರಲ್ಲಿ ಭಾರತ ಸರಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಈ ವೃತ್ತಾಂತವನ್ನು ಹೇಳಿ, ಛಲ ಬಿಡಬೇಡಿರಿ ಎಂದು ಮುಗಿಸುವುದು ಸುಲಭ. ಆದರೆ ಇದರಲ್ಲಿ ಬೇರೊಂದು ಸೂಕ್ಷ್ಮವಿದೆ. ಅವರು ಐದನೆಯ ಸುರಂಗವನ್ನೇ ಕೊನೆಯಿಲ್ಲದೆ ಕೊರೆಯುತ್ತ ಕೂಡಲಿಲ್ಲ. ಅದನ್ನು ಬಿಟ್ಟು ಆರನೆಯದನ್ನು ಹಿಡಿದರು. ನೀರು ಬೇಕು ಎಂಬ ಫಲವನ್ನು ಬಿಡಲಿಲ್ಲ, ಕೊರೆಯುವ ಜಾಗವನ್ನು ಬದಲಿಸಿದರು. ಛಲಕ್ಕೂ ಹಟಕ್ಕೂ ಇರುವ ಭೇದವು ಇಷ್ಟೇ. ಛಲವಂತನು ಗುರಿಯನ್ನು ಹಿಡಿದು ದಾರಿಯನ್ನು ಬದಲಿಸುತ್ತಾನೆ. ಹಟಮಾರಿಯು ದಾರಿಯನ್ನು ಹಿಡಿದು ಗುರಿಯನ್ನು ಮರೆಯುತ್ತಾನೆ. ಇನ್ನೊಂದು ಮಾತೂ ಉಂಟು. ಅವರು ಕೂಲಿಯ ಕೆಲಸವನ್ನು ಬಿಟ್ಟು ಸುರಂಗಕ್ಕೆ ಇಳಿಯಲಿಲ್ಲ. ದಿನದ ಅನ್ನವನ್ನು ದುಡಿದು, ಉಳಿದ ಹೊತ್ತನ್ನು ಗುರಿಗೆ ಕೊಟ್ಟರು. ಇದುವೇ ನಿಜವಾದ ಯಥಾಶಕ್ತಿ.

ಜೀರ್ಣೋದ್ಧಾರವು ಕಲಿಸುವ ಪಾಠ

ನಿತ್ಯದ ಕೆಲಸ ನಿಲ್ಲದೆ ದೊಡ್ಡ ಕೆಲಸ ನಡೆಯಬೇಕೆಂಬ ಈ ಮಾತಿಗೆ ನಮ್ಮ ದೇವಾಲಯವೇ ಸಾಕ್ಷಿ. ಜೀರ್ಣೋದ್ಧಾರದ ಕ್ರಮವನ್ನು ಊರವರೆಲ್ಲರೂ ಕಣ್ಣಾರೆ ಕಂಡಿದ್ದೀರಿ. ಅದನ್ನು ಗುರಿಸಾಧನೆಯ ಪಾಠವೆಂದು ಮತ್ತೊಮ್ಮೆ ನೆನೆಯಿರಿ.

ಮೊದಲು ಅಷ್ಟಮಂಗಲ ಪ್ರಶ್ನೆ. ಹೊಸತನ್ನು ಕಟ್ಟುವ ಮೊದಲು ಇರುವುದರಲ್ಲಿ ದೋಷ ಎಲ್ಲಿದೆ ಎಂಬುದನ್ನು, ಅಪ್ರಿಯವಾದರೂ, ಎಲ್ಲರ ಮುಂದೆ ಕೇಳಿ ತಿಳಿಯುತ್ತೇವೆ. ನಮ್ಮ ಜೀವನದಲ್ಲಿ ಈ ಪ್ರಶ್ನೆಯನ್ನು ಕೇಳಿಕೊಳ್ಳುವವರು ಎಷ್ಟು ಮಂದಿ?

ಅನಂತರ ಅನುಜ್ಞಾಕಲಶವನ್ನು ನೆರವೇರಿಸಿ, ದೇವರ ಸಾನ್ನಿಧ್ಯವನ್ನು ಬಾಲಾಲಯಕ್ಕೆ ಬಿಜಯಂಗೈಸುತ್ತೇವೆ. ಗರ್ಭಗುಡಿಯನ್ನು ಕಳಚಿ ಹಾಕಿದ ದಿನಗಳಲ್ಲಿಯೂ ನಿತ್ಯಪೂಜೆ ತಪ್ಪಲಿಲ್ಲ. ಚಿಕ್ಕದಾದ ತಾತ್ಕಾಲಿಕ ಗುಡಿಯಲ್ಲಿ ದೀಪ ಉರಿಯುತ್ತಲೇ ಇತ್ತು. ದೊಡ್ಡ ಗುರಿಯ ನೆಪದಲ್ಲಿ ತಂದೆತಾಯಿಗಳ ಸೇವೆ, ಮಕ್ಕಳ ಊಟ, ಮೈಯ ಆರೋಗ್ಯ ಇವುಗಳನ್ನು ಕಡೆಗಣಿಸುವವರು ಬಾಲಾಲಯವಿಲ್ಲದೆ ಗುಡಿ ಕೆಡಹಿದವರಂತೆ.

ಆಮೇಲೆ ಷಡಾಧಾರ. ಆಧಾರಶಿಲೆ, ನಿಧಿಕುಂಭ, ಪದ್ಮ, ಕೂರ್ಮ, ಯೋಗನಾಳ, ನಪುಂಸಕಶಿಲೆ ಎಂಬ ಆರು ಆಧಾರಗಳನ್ನು ಒಂದರ ಮೇಲೊಂದಾಗಿ ಸ್ಥಾಪಿಸಿದ ಬಳಿಕವೇ ಪೀಠ, ಅದರ ಮೇಲೆ ವಿಗ್ರಹ. ಇವೆಲ್ಲವೂ ನೆಲದೊಳಗೆ ಮರೆಯಾಗುತ್ತವೆ. ಮುಂದೆ ದರ್ಶನಕ್ಕೆ ಬರುವ ಭಕ್ತನಿಗೆ ಇವುಗಳಲ್ಲಿ ಒಂದೂ ಕಾಣದು. ಸಾಧನೆಯ ಮೊದಲ ದಿನಗಳೂ ಹೀಗೆಯೇ. ಜಗಲಿಯಲ್ಲಿ ತಿದ್ದಿದ ಅಕ್ಷರಗಳನ್ನೂ ಗುಡ್ಡದೊಳಗಿನ ಪಿಕ್ಕಾಸಿನ ಪೆಟ್ಟುಗಳನ್ನೂ ಯಾರೂ ನೋಡಿ ಹೊಗಳುವುದಿಲ್ಲ. ಹೊಗಳಿಕೆಯನ್ನು ಕಾಯುವವನು ಅಡಿಪಾಯದಲ್ಲಿಯೇ ಬೇಸತ್ತುಬಿಡುತ್ತಾನೆ.

ಕೊನೆಗೆ ಬ್ರಹ್ಮಕಲಶೋತ್ಸವ. ಊರಿಗೆ ಊರೇ ಸೇರಿ ಸಂತೋಷಪಡುತ್ತದೆ. ಆದರೆ ಶಾಸ್ತ್ರವು ಅಲ್ಲಿಗೆ ಮುಗಿಸುವುದಿಲ್ಲ. ಬಳಿಕ ಒಂದು ಮಂಡಲ, ಅಂದರೆ ನಲ್ವತ್ತೆಂಟು ದಿನ ಕಳೆದು ದೃಢಕಲಶವೆಂಬುದೊಂದಿದೆ. ಸಿದ್ಧಿಸಿದುದನ್ನು ದೃಢಪಡಿಸಿಕೊಳ್ಳಬೇಕೆಂಬುದೇ ಇದರ ಭಾವ. ಕುಡಿತ ಬಿಟ್ಟವನಿಗೆ ಅಪಾಯವಿರುವುದು ಬಿಟ್ಟ ದಿನದಂದಲ್ಲ, ಬಿಟ್ಟೆನೆಂಬ ಸಂತೋಷದ ಅನಂತರದ ದಿನಗಳಲ್ಲಿ. ಸಾಲ ತೀರಿದ ತಿಂಗಳಲ್ಲಿಯೇ ಹೊಸ ಸಾಲಕ್ಕೆ ಕೈಯೊಡ್ಡುವವರನ್ನು ನೋಡಿಲ್ಲವೇ? ಪ್ರತಿಯೊಂದು ಸಿದ್ಧಿಗೂ ಅದರದೇ ಆದ ದೃಢಕಲಶವೊಂದು ಬೇಕು.

ಧ್ರುವನ ಪಶ್ಚಾತ್ತಾಪ

ಹಾಗಾದರೆ ಎಂಥ ಗುರಿಯನ್ನು ಇಟ್ಟುಕೊಳ್ಳಬೇಕು? ಇದಕ್ಕೆ ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ಬರುವ ಧ್ರುವೋಪಾಖ್ಯಾನವನ್ನು ನೆನೆಯಬೇಕು.

ಐದು ವರ್ಷದ ಬಾಲಕನು ತಂದೆಯ ತೊಡೆಯೇರಲು ಹೋಗಿ ಮಲತಾಯಿ ಸುರುಚಿಯ ಕಟುನುಡಿಯನ್ನು ಕೇಳಿ, ತಾಯಿ ಸುನೀತಿಯ ಬಳಿ ಅತ್ತು, ಕಾಡಿಗೆ ಹೊರಟನು. ನಾರದರು ಅವನ ಮನಸ್ಸನ್ನು ಪರೀಕ್ಷಿಸಿ, ಯಮುನಾತೀರದ ಮಧುವನಕ್ಕೆ ಕಳುಹಿ, ಮಂತ್ರವನ್ನೂ ಪೂಜಾಕ್ರಮವನ್ನೂ ಉಪದೇಶಿಸಿದರು. ಧ್ರುವನ ತಪಸ್ಸಿನ ಕ್ರಮವನ್ನು ನೋಡಿರಿ. ಮೊದಲ ತಿಂಗಳು ಮೂರು ದಿನಕ್ಕೊಮ್ಮೆ ಬೇಲದ ಹಣ್ಣು ಬೋರೆಹಣ್ಣುಗಳನ್ನು ತಿಂದನು. ಎರಡನೆಯ ತಿಂಗಳು ಆರು ದಿನಕ್ಕೊಮ್ಮೆ ಒಣಹುಲ್ಲು ತರಗೆಲೆಗಳನ್ನು, ಮೂರನೆಯ ತಿಂಗಳು ಒಂಬತ್ತು ದಿನಕ್ಕೊಮ್ಮೆ ನೀರನ್ನು ಮಾತ್ರ ಸೇವಿಸಿದನು. ಮೊದಲ ದಿನವೇ ಉಪವಾಸ ಕುಳಿತವನಲ್ಲ. ಮೆಟ್ಟಲು ಮೆಟ್ಟಲಾಗಿ ಏರಿದವನು. ನಾಳೆಯಿಂದಲೇ ಎಲ್ಲವನ್ನೂ ಬಿಟ್ಟುಬಿಡುವೆನೆಂದು ಪ್ರತಿಜ್ಞೆ ಮಾಡಿ ನಾಡಿದ್ದು ಮರೆಯುವವರು ಇದನ್ನು ಗಮನಿಸಬೇಕು.

ಆದರೆ ಈ ಕಥೆಯ ಸಾರವು ಕೊನೆಯಲ್ಲಿದೆ. ಭಗವಂತನು ಪ್ರತ್ಯಕ್ಷನಾಗಿ ಧ್ರುವಪದವನ್ನು ಅನುಗ್ರಹಿಸಿದನು. ಬೇಡಿದ್ದೆಲ್ಲ ದೊರೆಯಿತು. ಆದರೂ ಧ್ರುವನು ಅಷ್ಟೇನೂ ಸಂತೋಷವಿಲ್ಲದೆ ಊರಿಗೆ ಹಿಂದಿರುಗಿದನೆಂದು ಭಾಗವತವು ಹೇಳುತ್ತದೆ. ಜನ್ಮಬಂಧನವನ್ನೇ ಬಿಡಿಸಬಲ್ಲವನ ಮುಂದೆ ನಿಂತು, ಮಲತಾಯಿಯ ಮೇಲಿನ ಸಿಟ್ಟಿನಿಂದ ಅಧಿಕಾರದ ಪದವಿಯನ್ನು ಬೇಡಿದೆನಲ್ಲ ಎಂದು ಅವನು ನೊಂದುಕೊಂಡನು. ಚಕ್ರವರ್ತಿಯಲ್ಲಿ ಬಡವನು ಹೊಟ್ಟಕ್ಕಿಯನ್ನು ಬೇಡಿದಂತಾಯಿತೆಂದು ತನ್ನನ್ನು ತಾನೇ ಹಳಿದುಕೊಂಡನು.

ಇದರಿಂದ ನಮಗೆ ಎರಡು ಪಾಠಗಳು. ಪರರ ಮೇಲಿನ ಸಿಟ್ಟಿನಿಂದ, ನೆರೆಯವನ ಮನೆಗಿಂತ ಎತ್ತರದ ಮನೆ ಕಟ್ಟಬೇಕೆಂಬ ಮತ್ಸರದಿಂದ ಹುಟ್ಟಿದ ಗುರಿಯು ಸಿದ್ಧಿಸಿದರೂ ತೃಪ್ತಿಯನ್ನೀಯದು. ಇದು ಮೊದಲನೆಯದು. ಹಾಗಿದ್ದರೂ ಧ್ರುವನ ತಪಸ್ಸು ವ್ಯರ್ಥವಾಗಲಿಲ್ಲ. ಆ ತಪಸ್ಸಿನಿಂದಲೇ ಅವನಿಗೆ ತನ್ನ ಗುರಿಯು ಚಿಕ್ಕದೆಂದು ಕಾಣುವ ಕಣ್ಣು ಬಂದಿತು. ಇದು ಎರಡನೆಯದು. ಆದುದರಿಂದ ಉತ್ತಮೋತ್ತಮವಾದ ಗುರಿ ತಿಳಿಯುವವರೆಗೆ ಕಾಯುತ್ತ ಕೂಡುವುದು ಸಲ್ಲದು. ಕೈಯಲ್ಲಿರುವ ಒಳ್ಳೆಯ ಗುರಿಯನ್ನು ಶ್ರದ್ಧೆಯಿಂದ ಸಾಧಿಸುತ್ತ ಹೋದರೆ ಮುಂದಿನ ಗುರಿಯು ತಾನಾಗಿ ಗೋಚರಿಸುತ್ತದೆ.

ನೀರು ಬಿಡುವುದರ ಅರ್ಥ

ಇಲ್ಲಿ ವಿಚಾರವಂತರು ಒಂದು ಆಕ್ಷೇಪವನ್ನು ತರಬಹುದು. ಭಗವದ್ಗೀತೆಯ ಆರನೆಯ ಅಧ್ಯಾಯವು ಎಲ್ಲ ಸಂಕಲ್ಪಗಳನ್ನೂ ತ್ಯಜಿಸಿದವನೇ ಯೋಗಾರೂಢನೆಂದು ಹೇಳುತ್ತದೆಯಷ್ಟೆ. ಹಾಗಿರುವಾಗ ಸಂಕಲ್ಪ ಮಾಡಿರೆಂದು ಉಪದೇಶಿಸುವುದು ಸರಿಯೆ?

ಗೀತೆಯು ಅಲ್ಲಿ ಬಿಡಬೇಕೆಂದದ್ದು ಫಲದ ಕುರಿತು ಮನಸ್ಸು ಹೆಣೆಯುವ ಕಲ್ಪನೆಗಳನ್ನು. ಅದೇ ಅಧ್ಯಾಯವು ಯೋಗವನ್ನು ಏರಬಯಸುವವನಿಗೆ ಕರ್ಮವೇ ಸಾಧನವೆಂದೂ ಹೇಳಿದೆ. ಹದಿನೆಂಟನೆಯ ಅಧ್ಯಾಯದಲ್ಲಿ ಯಾವುದೇ ಕಾರ್ಯದ ಸಿದ್ಧಿಗೆ ಐದು ಕಾರಣಗಳನ್ನು ಎಣಿಸಿದೆ: ಅಧಿಷ್ಠಾನ, ಕರ್ತೃ, ಕರಣ, ನಾನಾ ವಿಧವಾದ ಚೇಷ್ಟೆ, ಐದನೆಯದಾಗಿ ದೈವ. ಆಧಾರವಾದ ನೆಲೆ, ಮಾಡುವವನು, ಉಪಕರಣಗಳು, ಪ್ರಯತ್ನ ಎಂಬ ನಾಲ್ಕರಲ್ಲಿ ನಮ್ಮ ಹೊಣೆಯಿದೆ. ಐದನೆಯದು ನಮ್ಮ ಕೈಯಲ್ಲಿಲ್ಲ. ನಾಲ್ಕನ್ನು ಬಿಟ್ಟು ಐದನೆಯದನ್ನು ಮಾತ್ರ ನೆನೆಯುವವನು ಸೋಮಾರಿ. ಐದನೆಯದನ್ನು ಮರೆತು ನಾಲ್ಕರಿಂದಲೇ ಎಲ್ಲವೂ ಆಗುವುದೆನ್ನುವವನು ಅಹಂಕಾರಿ. ಮೊದಲನೆಯವನಿಗೆ ಏನೂ ದೊರೆಯದು. ಎರಡನೆಯವನಿಗೆ ದೊರೆಯದಿದ್ದರೆ ಎದೆಯೊಡೆಯುತ್ತದೆ.

ಸಂಕಲ್ಪದ ಕೊನೆಯಲ್ಲಿ ನಾವು ಮಾಡುವುದೇನು? 'ಕರಿಷ್ಯೇ' ಎಂದು ಹೇಳಿ ಕೈಯಲ್ಲಿದ್ದ ಹೂವು ಅಕ್ಷತೆಗಳನ್ನು ನೀರಿನೊಡನೆ ಬಿಟ್ಟುಬಿಡುತ್ತೇವೆ. ಮಾಡುವೆನೆಂಬ ಮಾತು ನಮ್ಮಲ್ಲಿ ಉಳಿಯುತ್ತದೆ, ಫಲದ ಹಿಡಿತವು ಕೈಯಿಂದ ಜಾರುತ್ತದೆ. ಬಿಗಿದ ಮುಷ್ಟಿಯಿಂದ ಆರಂಭಿಸಿ ಬರಿಗೈಯಿಂದ ಕೆಲಸಕ್ಕೆ ತೊಡಗುತ್ತೇವೆ. ಕೆಲಸ ಮಾಡಬೇಕಾದ ಕೈ ಬರಿದಾಗಿಯೇ ಇರಬೇಕಲ್ಲವೇ?

ಆಚರಣೆಗೆ

ಭಕ್ತಮಹಾಶಯರೇ, ಓದಿ ಮಡಚಿಡುವುದರಿಂದ ಈ ಲೇಖನಕ್ಕೆ ಸಾರ್ಥಕ್ಯವಿಲ್ಲ. ಬ್ರಹ್ಮಕಲಶದ ಈ ಪುಣ್ಯಕಾಲದಲ್ಲಿ ಪ್ರತಿಯೊಬ್ಬರೂ ಒಂದೇ ಒಂದು ಸಂಕಲ್ಪವನ್ನು ಮಾಡಬೇಕೆಂದು ವಿಜ್ಞಾಪನೆ. ಹತ್ತು ಬೇಡ, ಹತ್ತು ಕಡೆ ಅಗೆದವನಿಗೆ ಒಂದು ಕಡೆಯೂ ನೀರಿಲ್ಲ. ಆ ಒಂದನ್ನು ಕನ್ನಡದಲ್ಲಾಗಲಿ ಮಲೆಯಾಳದಲ್ಲಾಗಲಿ ಒಂದು ಚೀಟಿಯಲ್ಲಿ ಬರೆಯಿರಿ. ಯಾವಾಗ, ಎಲ್ಲಿ, ಯಾರು, ಏತಕ್ಕಾಗಿ, ಏನನ್ನು, ಯಾವುದರಿಂದ ಎಂಬ ಆರಕ್ಕೂ ಉತ್ತರವಿರಲಿ. ಬರೆದುದನ್ನು ಮನೆಯ ದೇವರ ಕೋಣೆಯಲ್ಲಿ, ಸಂಜೆಯ ದೀಪದ ಬೆಳಕು ಬೀಳುವಲ್ಲಿ ಇರಿಸಿರಿ. ದಿನಕ್ಕೊಮ್ಮೆ ನೋಡಿರಿ. ತಪ್ಪಿದ ದಿನ ತಪ್ಪಿತೆಂದು ಒಪ್ಪಿಕೊಂಡು ಮರುದಿನ ಮುಂದುವರಿಸಿರಿ. ನಲ್ವತ್ತೆಂಟು ದಿನ ಕಳೆದು ದೃಢಕಲಶಕ್ಕೆ ಬರುವಾಗ ಅದನ್ನು ಮತ್ತೊಮ್ಮೆ ಓದಿ, ದಾರಿ ಸರಿಯಿದೆಯೆ, ಬೇರೆ ಸುರಂಗವನ್ನು ಹಿಡಿಯಬೇಕೆ ಎಂದು ವಿಚಾರಿಸಿರಿ.

ಕಲ್ಲು ಮರಗಳ ಆಲಯವನ್ನು ನಾವು ಹನ್ನೆರಡು ವರ್ಷಗಳಿಗೊಮ್ಮೆ ನೋಡಿ ಸರಿಪಡಿಸುವ ಸಂಪ್ರದಾಯವಿದೆ. ಉಸಿರಾಡುವ ಈ ದೇಹವೆಂಬ ಆಲಯದ ಜೀರ್ಣೋದ್ಧಾರಕ್ಕೆ ಅಷ್ಟು ಕಾಯಬೇಕಾಗಿಲ್ಲ. ಇಂದಿನ ತಿಥಿ ವಾರಗಳೇ ಸಾಕು. ನಮ್ಮ ಕರ್ತವ್ಯವನ್ನು ನಾವು ಮಾಡುವಂತಾಗಲಿ, ಐದನೆಯದಾದ ದೈವವು ನಮ್ಮೆಲ್ಲರಲ್ಲಿಯೂ ಪ್ರಸನ್ನವಾಗಿರಲಿ ಎಂದು ಶ್ರೀ ದೇವರನ್ನು ಪ್ರಾರ್ಥಿಸಿ ಈ ಬರಹವನ್ನು ಸನ್ನಿಧಿಗೆ ಅರ್ಪಿಸುತ್ತೇನೆ.

ಶುಭಮಸ್ತು.